ಹಳೇ ಸ್ವಿಚ್ ಕೊಟ್ಟು ಹೊಸ ಸ್ವಿಚ್: 130 ಡಾಲರಿನ ಲೆಕ್ಕ, ಮತ್ತು ಲೆಕ್ಕಕ್ಕೆ ಸಿಗದ ಒಂದು ವಿಷಯ



ಈ ಬ್ಲಾಗಿನಲ್ಲಿ ಸಾಮಾನ್ಯವಾಗಿ 401ಕೆ, ಇಂಡೆಕ್ಸ್ ಫಂಡ್, ಎನ್‌ಆರ್‌ಇ ಖಾತೆ ಅಂತ ಬರೆಯುತ್ತಿರುತ್ತೇನೆ. ಈ ಸಲ ವಿಷಯ ಚಿಕ್ಕದು. ನನ್ನ ಹನ್ನೊಂದು ವರ್ಷದ ಮಗನ ಆಟದ ಡಬ್ಬಿ. ಆದರೆ ಕಾರು ಮಾರುವಾಗಲೂ ಮನೆ ಬದಲಿಸುವಾಗಲೂ ನಾವು ಮಾಡುವ ತಪ್ಪುಗಳೆಲ್ಲ ಇದರಲ್ಲೇ ಇದ್ದವು. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ 2025ರ ಆಗಸ್ಟ್. ಶಾಲೆ ಶುರುವಾಗಲು ಒಂದು ವಾರ ಇತ್ತು. ಇಲ್ಲಿ ಡಲ್ಲಾಸ್ ಹತ್ತಿರದ ಒಂದು ಆಟದ ಅಂಗಡಿಯ ಕೌಂಟರಿನ ಮುಂದೆ ನಾನೂ ಮಗನೂ ನಿಂತಿದ್ದೆವು. ಕೈಯಲ್ಲಿ ನಮ್ಮ ಹಳೇ ನಿಂಟೆಂಡೊ ಸ್ವಿಚ್. ಅದನ್ನು ಕೊಟ್ಟು ಸ್ವಿಚ್ 2 ತೆಗೆದುಕೊಳ್ಳುವುದು ನಮ್ಮ ಯೋಜನೆ. ಕೌಂಟರಿನ ಹುಡುಗ ಎಲ್ಲ ತಿರುಗಿಸಿ ನೋಡಿ, "ಸೆಟ್ಟಿಂಗ್ಸ್‌ಗೆ ಹೋಗಿ ಫ್ಯಾಕ್ಟರಿ ರೀಸೆಟ್ ಮಾಡಿಕೊಡಿ" ಎಂದ. ನಾನು ಆ ಪುಟ ತೆರೆದೆ. ಎಲ್ಲಾ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಬಂತು. ಒತ್ತಬೇಕು ಅನ್ನುವಷ್ಟರಲ್ಲಿ ಮಗ ನನ್ನ ಅಂಗಿ ಜಗ್ಗಿದ.

"ಅಪ್ಪಾ, ಅದರಲ್ಲಿ ಅಜ್ಜಿ ಇದಾಳಲ್ಲ?"

ಅಜ್ಜಿ ಅದರೊಳಗೆ ಹೇಗೆ ಬಂದಳು

ಆ ಸ್ವಿಚ್ ಕೊಂಡಿದ್ದು 2020ರ ಡಿಸೆಂಬರಿನಲ್ಲಿ, ಎಲ್ಲರೂ ಮನೆಯೊಳಗೇ ಕೂತಿದ್ದ ಕಾಲದಲ್ಲಿ. 2022ರಲ್ಲಿ ನನ್ನ ಅಮ್ಮ ಸಾಗರದಿಂದ ಬಂದು ಆರು ತಿಂಗಳು ನಮ್ಮ ಜೊತೆ ಇದ್ದಳು. ಕಾರು ಓಡಿಸಲು ಬಾರದವರಿಗೆ ಟೆಕ್ಸಾಸ್ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಹೊರಗೆ ಬಿಸಿಲು, ಒಳಗೆ ಬೇಜಾರು. ಒಂದು ದಿನ ಮೊಮ್ಮಗ 'ಕ್ಲಬ್‌ಹೌಸ್ ಗೇಮ್ಸ್: 51 ವರ್ಲ್ಡ್‌ವೈಡ್ ಕ್ಲಾಸಿಕ್ಸ್' ಎಂಬ ಆಟ ಹಾಕಿದ. ಅದರ ಪಟ್ಟಿಯಲ್ಲಿ ಮೊದಲನೆಯದೇ ಮಂಕಾಲಾ. ಅಮ್ಮ ಕನ್ನಡಕ ಏರಿಸಿ ನೋಡಿ, "ಅಯ್ಯೋ, ಇದು ನಮ್ಮ ಚೆನ್ನೆಮಣೆ ಅಲ್ವೇನೋ!" ಅಂದಳು. ಆಮೇಲೆ ತಕರಾರು: "ಒಂದು ಸಾಲಿಗೆ ಏಳು ಗುಳಿ ಇರಬೇಕು. ಇದ್ಯಾಕೆ ಆರೇ?"

ತಕರಾರು ಮಾಡುತ್ತಲೇ ಆರು ತಿಂಗಳು ಆಡಿದಳು. ಮಗ ಅವಳಿಗೆ ಬೇರೆ ಪ್ರೊಫೈಲ್ ಮಾಡಿಕೊಟ್ಟು ಇಂಗ್ಲಿಷ್ ಅಕ್ಷರದಲ್ಲಿ 'ಅಜ್ಜಿ' ಎಂದು ಹೆಸರಿಟ್ಟಿದ್ದ. ಆ ಪ್ರೊಫೈಲಿನಲ್ಲಿ ಈಗಲೂ '45 ಗಂಟೆಗಿಂತ ಹೆಚ್ಚು ಆಡಿದ್ದಾರೆ' ಎಂದು ತೋರಿಸುತ್ತದೆ. ಊರಿಗೆ ಹೋದ ಮೇಲೂ ಫೋನಿನಲ್ಲಿ ಮೊದಲ ಪ್ರಶ್ನೆ, "ನನ್ನ ಆಟ ಅಳಿಸಿಲ್ಲ ತಾನೆ?" 2024ರ ಜನವರಿಯಲ್ಲಿ ಅಮ್ಮ ತೀರಿಕೊಂಡಳು.

ಎಂಟು ವರ್ಷದಿಂದ ಹಣಕಾಸಿನ ಬಗ್ಗೆ ಬರೆಯುವ ನಾನು ಹಿಂದಿನ ರಾತ್ರಿ ಎಕ್ಸೆಲ್ ಶೀಟ್ ಮಾಡಿದ್ದೆ. ಅದರಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ.

ಶೀಟಿನಲ್ಲಿ ಏನಿತ್ತು

ಮೊದಲು ಆ ಲೆಕ್ಕ ನೋಡೋಣ. ಸ್ವಿಚ್ 2 ಬಂದಿದ್ದು 2025ರ ಜೂನ್ 5ರಂದು. ಅಮೆರಿಕದಲ್ಲಿ ಏಪ್ರಿಲ್ 9ಕ್ಕೆ ಮುಂಗಡ ಬುಕಿಂಗ್ ಶುರುವಾಗಬೇಕಿತ್ತು, ಸುಂಕದ ಗೊಂದಲದಿಂದ ಏಪ್ರಿಲ್ 24ಕ್ಕೆ ಹೋಯಿತು. ಬೆಲೆ ಮಾತ್ರ ಮೊದಲು ಹೇಳಿದ 449.99 ಡಾಲರೇ ಉಳಿಯಿತು. ಮೊದಲ ನಾಲ್ಕು ದಿನದಲ್ಲೇ ಜಗತ್ತಿನಾದ್ಯಂತ 35 ಲಕ್ಷಕ್ಕೂ ಹೆಚ್ಚು ಮಾರಾಟವಾದವು.

ನಮ್ಮಲ್ಲಿ ಮಾರಾಟ ತೆರಿಗೆ 8.25%. ಅಂದರೆ 37.12 ಡಾಲರ್ ತೆರಿಗೆ ಸೇರಿ ಒಟ್ಟು 487.11.

ಮಗನ ಹುಂಡಿಯಲ್ಲಿ 170 ಡಾಲರ್ ಇತ್ತು. ಹುಟ್ಟುಹಬ್ಬದ ಉಡುಗೊರೆ, ಪಕ್ಕದ ಮನೆಯ ನಾಯಿಗೆ ಊಟ ಹಾಕಿದ ಸಂಬಳ ಎಲ್ಲ ಸೇರಿ. ಕಂಪನಿ 401ಕೆಗೆ ಮ್ಯಾಚ್ ಹಾಕುವ ಹಾಗೆ, ಅವನು ಉಳಿಸಿದಷ್ಟನ್ನು ನಾನೂ ಹಾಕುತ್ತೇನೆ ಎಂದು ಮೊದಲೇ ಮಾತಾಗಿತ್ತು. 170 ಮತ್ತು 170, 340. ಉಳಿದ ಕೊರತೆ 147.11. ಅದನ್ನು ಹಳೇ ಸ್ವಿಚ್ ತುಂಬಬೇಕು.

ಅಂಗಡಿ ಕೊಟ್ಟ ದರ ಎರಡು ಬಗೆ: ನಗದು ಬೇಕೆಂದರೆ 104 ಡಾಲರ್, ಸ್ಟೋರ್ ಕ್ರೆಡಿಟ್ ಆದರೆ 130. ಒಂದೇ ವಸ್ತುವಿಗೆ ಎರಡು ಬೆಲೆ ಯಾಕೆ? ಕ್ರೆಡಿಟ್ ತೆಗೆದುಕೊಂಡರೆ ಆ ದುಡ್ಡು ಅದೇ ಅಂಗಡಿಯಲ್ಲೇ ಖರ್ಚಾಗಬೇಕು, ಅದರ ಮೇಲೂ ಅವರಿಗೆ ಲಾಭ ಇದೆ. ನಾವು ಹೇಗೂ ಅಲ್ಲೇ ಕೊಳ್ಳುವುದಾದರೆ ಕ್ರೆಡಿಟ್ ಒಳ್ಳೆಯದೇ. "ಮುಂದೆ ಯಾವಾಗಲಾದರೂ ಬೇಕಾಗುತ್ತದೆ" ಅಂತ ತೆಗೆದುಕೊಂಡರೆ ಅದು ನಾವು ಅಂಗಡಿಗೆ ಕೊಟ್ಟ ಬಡ್ಡಿಯಿಲ್ಲದ ಸಾಲ.

ಇಲ್ಲಿ ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಟೆಕ್ಸಾಸಿನಲ್ಲಿ, ಅಂಗಡಿಯವರು ತಾವು ಮಾರುವಂಥದ್ದೇ ವಸ್ತುವನ್ನು ಹೊಸದರ ಬೆಲೆಯ ಭಾಗವಾಗಿ ತೆಗೆದುಕೊಂಡರೆ, ಆ ಮೊತ್ತ ಕಳೆದು ಉಳಿದದ್ದಕ್ಕೆ ಮಾತ್ರ ಮಾರಾಟ ತೆರಿಗೆ. 449.99ರಲ್ಲಿ 130 ಹೋದರೆ 319.99. ಅದಕ್ಕೆ ತೆರಿಗೆ 26.40. ಕೈಯಿಂದ ಕೊಡುವುದು 346.39. ಹಾಗಾಗಿ 130ರ ಕ್ರೆಡಿಟ್ಟಿನ ನಿಜವಾದ ಬೆಲೆ 140.72 ಡಾಲರ್. ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಈ ಅನುಕೂಲ ಇಲ್ಲ, ಅಲ್ಲಿ ಪೂರ್ತಿ ಬೆಲೆಗೇ ತೆರಿಗೆ. ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ. ಕಾರು ಬದಲಿಸುವಾಗ ಇದೇ ನಿಯಮ ಸಾವಿರಾರು ಡಾಲರಿನ ಮಾತಾಗಬಹುದು.

ಇನ್ನೊಂದು ದಾರಿ, ನೇರವಾಗಿ ಯಾರಿಗಾದರೂ ಮಾರುವುದು. ನಮ್ಮ ಸುತ್ತಮುತ್ತ ಇಂಥದ್ದೇ ಹಳೇ ಸ್ವಿಚ್‌ಗೆ ಜನ 160ರಿಂದ 180 ಕೇಳುತ್ತಿದ್ದರು. 2025ರ ಆಗಸ್ಟ್ 3ರಿಂದ ನಿಂಟೆಂಡೊ ಅಮೆರಿಕದಲ್ಲಿ ಹಳೇ ಮಾದರಿಯ ಹೊಸ ಡಬ್ಬಿಯ ಬೆಲೆಯನ್ನೇ 299.99ರಿಂದ 339.99ಕ್ಕೆ ಏರಿಸಿತ್ತು. ಎಂಟು ವರ್ಷ ಹಳೆಯ ಮಾದರಿಯ ಬೆಲೆ ಇಳಿಯುವ ಬದಲು ಏರುವುದು ಅಪರೂಪ. ಹೊಸದು ದುಬಾರಿಯಾದರೆ ಸೆಕೆಂಡ್ ಹ್ಯಾಂಡಿಗೂ ಬಲ ಬರುತ್ತದೆ.

ಶೀಟ್ ನೋಡಿದ ನನ್ನ ಹೆಂಡತಿ, "ರೀ, ಇಪ್ಪತ್ತು ಮೂವತ್ತು ಡಾಲರಿಗೆ ಗುರುತಿಲ್ಲದವರನ್ನೆಲ್ಲ ಮನೆ ಬಾಗಿಲಿಗೆ ಕರೀತೀರಾ? ಅಂಗಡಿಗೇ ಕೊಟ್ಟು ಬನ್ನಿ" ಎಂದಳು. ಸರಿ ಅನಿಸಿತು. ನಮ್ಮ ಸಮಯಕ್ಕೂ ಬೆಲೆ ಇದೆ. ಹಾಗೆ ನಾವು ಆ ಕೌಂಟರಿನ ಮುಂದೆ ನಿಂತಿದ್ದೆವು.

ಕೌಂಟರಿನಲ್ಲಿ ನಡೆದದ್ದು

ಮಗ ಅಂಗಿ ಜಗ್ಗುವ ಮೊದಲೇ ಇನ್ನೊಂದು ಆಗಿತ್ತು. "ಎಚ್‌ಡಿಎಂಐ ಕೇಬಲ್ ಇಲ್ಲ, ಅದಕ್ಕೆ 15 ಡಾಲರ್ ಕಡಿಮೆ" ಎಂದಿದ್ದ ಹುಡುಗ. 130 ಇದ್ದದ್ದು 115. ಆ ಕೇಬಲ್ ನಮ್ಮ ಮನೆಯ ಟಿವಿಯ ಹಿಂದೆ ನೇತಾಡುತ್ತಿತ್ತು. ಆದರೂ ನಾನು "ಹೋಗಲಿ ಬಿಡು" ಎಂದು ತಲೆಯಾಡಿಸಿದ್ದೆ! ಹೊಸ ಡಬ್ಬಿ ಕಣ್ಣ ಮುಂದೆ ಇರುವಾಗ ಹಳೆಯದರ ಬೆಲೆ ಕಣ್ಣಿಗೆ ಬೀಳುವುದಿಲ್ಲ. ಕಾರಿನ ಡೀಲರುಗಳು ಕೊಳ್ಳುವ ಮಾತನ್ನೂ ಮಾರುವ ಮಾತನ್ನೂ ಒಂದೇ ಕಾಗದದಲ್ಲಿ ಬೆರೆಸುವುದು ಇದಕ್ಕೇ. 450ರ ವಸ್ತು 335ರದ್ದಾಗಿ ಕಾಣುತ್ತದೆ, ನಾವು 170ರದ್ದನ್ನು 115ಕ್ಕೆ ಕೊಟ್ಟೆವು ಅನ್ನುವುದು ಕಾಣುವುದಿಲ್ಲ.

ಅಜ್ಜಿಯ ಮಾತು ಬಂದಾಗ ನನಗೆ ಇನ್ನೊಂದು ಹೊಳೆಯಿತು. ಸ್ವಿಚ್‌ನಲ್ಲಿ ಆಟ ಕಾರ್ಟ್ರಿಜ್‌ನಲ್ಲಿ ಇರುತ್ತದೆ, ಆದರೆ ನಾವು ಎಲ್ಲಿಯವರೆಗೆ ಆಡಿದ್ದೇವೆ ಅನ್ನುವ ದಾಖಲೆ ಇರುವುದು ಡಬ್ಬಿಯ ಒಳಗೆ. ವರ್ಷಕ್ಕೆ 19.99 ಡಾಲರಿನ ಆನ್‌ಲೈನ್ ಸದಸ್ಯತ್ವ ಇದ್ದರೆ ಹೆಚ್ಚಿನ ಆಟಗಳ ದಾಖಲೆಗೆ ಕ್ಲೌಡ್ ಪ್ರತಿ ಸಿಗುತ್ತದೆ. ಮಗನದು ಹಾಗೇ ಇತ್ತು. ಅಜ್ಜಿಯ ಪ್ರೊಫೈಲಿಗೆ ಯಾವ ಖಾತೆಯೂ ಜೋಡಿಸಿರಲಿಲ್ಲ. ನಾನು ಆ ಗುಂಡಿ ಒತ್ತಿದ್ದರೆ ಅದು ಎಲ್ಲೂ ಉಳಿಯುತ್ತಿರಲಿಲ್ಲ.

"ಕೇಬಲ್ ತರ್ತೀವಿ" ಎಂದು ಹೇಳಿ ಹೊರಗೆ ಬಂದೆವು. ಕಾರಿನಲ್ಲಿ ಮಗ ಕೇಳಿದ, "ಅಪ್ಪಾ, ಹಾಗಾದ್ರೆ ಹೊಸದು ಇಲ್ವಾ?" ಅವನ ದನಿಯಲ್ಲಿ ಆಸೆಯೂ ಇತ್ತು, ಆಸೆ ಪಟ್ಟಿದ್ದಕ್ಕೆ ನಾಚಿಕೆಯೂ ಇತ್ತು. ನನಗೂ ಹಾಗೇ ಆಗಿತ್ತು.

ಕ್ರಮ ಬದಲಿಸಿದೆವು

ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಅವನನ್ನೂ ಕೂರಿಸಿಕೊಂಡು ಲೆಕ್ಕ ಮತ್ತೆ ಹಾಕಿದೆ. ತೊಂದರೆ ಇದ್ದದ್ದು ಮಾರುವುದರಲ್ಲಿ ಅಲ್ಲ, ಕ್ರಮದಲ್ಲಿ. ಅಂಗಡಿಯ ಪದ್ಧತಿಯಲ್ಲಿ ಹಳೆಯದನ್ನು ಅಳಿಸಿ ಕೊಟ್ಟ ಮೇಲೆ ಹೊಸದು ಕೈಗೆ ಬರುತ್ತದೆ. ನಮಗೆ ಬೇಕಾದದ್ದು ಉಲ್ಟಾ: ಮೊದಲು ಹೊಸದು, ಎರಡನ್ನೂ ಪಕ್ಕಪಕ್ಕ ಇಟ್ಟು ವರ್ಗಾವಣೆ, ಕೊನೆಗೆ ಮಾರಾಟ. ಹಾಗೆ ಮಾಡಿದರೆ ನಡುವೆ ಕೆಲವು ದಿನ 147.11 ಡಾಲರ್ ಕಡಿಮೆ ಬೀಳುತ್ತದೆ.

"ಅದನ್ನ ನಾನು ಸಾಲ ಕೊಡ್ತೀನಿ. ವಾರಕ್ಕೆ ಐವತ್ತು ಸೆಂಟ್ ಬಡ್ಡಿ" ಎಂದೆ.

"ಅಷ್ಟೇನಾ?" ಎಂದ ಮಗ ಖುಷಿಯಿಂದ.

"ವರ್ಷಕ್ಕೆ ಎಷ್ಟಾಯ್ತು ಲೆಕ್ಕ ಹಾಕು."

ಹಾಕಿದ. 147.11ಕ್ಕೆ ವರ್ಷಕ್ಕೆ 26 ಡಾಲರ್, ಸುಮಾರು 17.7%. ಅವನ ಮುಖ ನೋಡಬೇಕಿತ್ತು. ಕ್ರೆಡಿಟ್ ಕಾರ್ಡಿನ ಬಗ್ಗೆ ನಾನು ಹತ್ತು ಭಾಷಣ ಕೊಟ್ಟಿದ್ದರೂ ಅಷ್ಟು ಅರ್ಥವಾಗುತ್ತಿರಲಿಲ್ಲ. ಹಳೆಯದನ್ನು ಎರಡು ವಾರದಲ್ಲಿ ಮಾರಿಯೇ ತೀರುತ್ತೇನೆ ಎಂದ.

ಮರುದಿನ 487.11 ಕೊಟ್ಟು ಹೊಸದನ್ನು ತಂದೆವು. ಅಜ್ಜಿಯ ಪ್ರೊಫೈಲಿಗೆ ಮೊದಲು ಒಂದು ನಿಂಟೆಂಡೊ ಖಾತೆ ಮಾಡಿ ಜೋಡಿಸಿದೆವು. ಆಮೇಲೆ ಎರಡನ್ನೂ ಚಾರ್ಜಿಗೆ ಹಾಕಿ, ಹೊಸದರ ಮೊದಲ ಸೆಟಪ್‌ನಲ್ಲೇ ಸಿಸ್ಟಮ್ ಟ್ರಾನ್ಸ್‌ಫರ್ ಮಾಡಿದೆವು. ಮುಗಿದ ಮೇಲೆ ಮಗ ಕ್ಲಬ್‌ಹೌಸ್ ಗೇಮ್ಸ್ ಕಾರ್ಟ್ರಿಜ್ ಹಾಕಿದ. ಯಾರು ಆಡುತ್ತೀರಿ ಎಂದು ಕೇಳುವ ಪರದೆಯಲ್ಲಿ ಅಜ್ಜಿಯ ಚಿತ್ರ ಇತ್ತು. ಅವನು ಮಂಕಾಲಾ ತೆರೆದು ನೋಡಿ, "ಇದೆ ಅಪ್ಪಾ, ಎಲ್ಲಾ ಇದೆ" ಎಂದ. ನನ್ನ ಹೆಂಡತಿ ಒಲೆಯ ಕಡೆ ತಿರುಗಿ ನಿಂತಳು. ನಾನು ಕೇಬಲ್ ಹುಡುಕುವ ನೆಪದಲ್ಲಿ ಟಿವಿಯ ಹಿಂದೆ ಹೋದೆ.

ಹಳೆಯದನ್ನು ಗುರುತಿಲ್ಲದವರಿಗೆ ಮಾರಬೇಕಾಗಲೂ ಇಲ್ಲ. ಇಲ್ಲಿನ ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೋ ಹಾಕಿದ ಹತ್ತನೇ ದಿನ ಹುಬ್ಬಳ್ಳಿಯ ಒಂದು ಕುಟುಂಬ ಮಗಳಿಗಾಗಿ 165 ಡಾಲರಿಗೆ ತೆಗೆದುಕೊಂಡಿತು, ಕೇಬಲ್ ಸಮೇತ. ಮಗ ಎರಡು ವಾರದ ಬಡ್ಡಿ ಒಂದು ಡಾಲರ್ ಸೇರಿಸಿ 148.11 ನನಗೆ ಎಣಿಸಿ ಕೊಟ್ಟ. ಅವನ ಕೈಯಲ್ಲಿ 16.89 ಉಳಿಯಿತು. ಅಂಗಡಿಗೇ ಕೊಟ್ಟಿದ್ದರೆ, ಕೇಬಲ್ ಕೊಟ್ಟ ಮೇಲೂ, 6.39 ಕಡಿಮೆ ಬೀಳುತ್ತಿತ್ತು.

ನಿಮಗೆ ಉಪಯೋಗ ಆಗಬಹುದಾದದ್ದು

ಬೆಲೆ ಕೇಳುವಾಗ ಎರಡು ವ್ಯವಹಾರವನ್ನೂ ಬೇರೆ ಬೇರೆಯಾಗಿ ನೋಡಿ. ಹೊಸದರ ಬೆಲೆ ಎಷ್ಟು, ಹಳೆಯದಕ್ಕೆ ಹೊರಗೆ ಎಷ್ಟು ಸಿಗುತ್ತದೆ ಎಂದು ಮನೆಯಲ್ಲೇ ಬರೆದುಕೊಂಡು ಹೋಗಿ. ಕೇಬಲ್, ಚಾರ್ಜರ್, ಡಾಕ್ ಎಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ.

ಹೊಸದರ ಜೊತೆ ಬರುವ ಖರ್ಚನ್ನೂ ಸೇರಿಸಿ. 'ಮಾರಿಯೊ ಕಾರ್ಟ್ ವರ್ಲ್ಡ್' ಒಂದೇ 79.99 ಡಾಲರ್. ಹಳೇ ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿ ಸ್ವಿಚ್ 2ರ ಆಟ ಇಡಲು ಆಗುವುದಿಲ್ಲ, ಮೈಕ್ರೊ ಎಸ್‌ಡಿ ಎಕ್ಸ್‌ಪ್ರೆಸ್ ಬೇಕು. ಆದರೆ ಒಳಗೇ 256 ಜಿಬಿ ಇದೆ, ಹಳೆಯದರಲ್ಲಿ ಇದ್ದದ್ದು 32. ಹಾಗಾಗಿ ಮೊದಲ ದಿನವೇ ಕಾರ್ಡ್ ಕೊಳ್ಳುವ ಅಗತ್ಯ ಇಲ್ಲ. ಹಳೇ ಆಟಗಳಲ್ಲಿ ಬಹುಪಾಲು ಹೊಸದರಲ್ಲೂ ನಡೆಯುತ್ತವೆ, ಅವನ್ನು ಅವಸರದಲ್ಲಿ ಮಾರಬೇಡಿ.

ತೆರಿಗೆಯ ಬಗ್ಗೆ ಕೆಲವರು ಕೇಳುತ್ತಾರೆ. ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದ ಮನೆಬಳಕೆಯ ವಸ್ತುವಿಗೆ ಫೆಡರಲ್ ಆದಾಯ ತೆರಿಗೆ ಇಲ್ಲ. ಆ ನಷ್ಟವನ್ನು ರಿಟರ್ನಿನಲ್ಲಿ ಕಳೆಯಲೂ ಬರುವುದಿಲ್ಲ. ಆನ್‌ಲೈನ್ ಮಾರುಕಟ್ಟೆಗಳು 1099-ಕೆ ಕಳಿಸಬೇಕಾದ ಮಿತಿಯನ್ನು 2025ರ ಕಾನೂನು ಮತ್ತೆ 20,000 ಡಾಲರ್ ಹಾಗೂ 200 ವ್ಯವಹಾರಕ್ಕೆ ಒಯ್ದಿದೆ.

ಇನ್ನು ಬಳಕೆಯ ಖರ್ಚು. 2020ರಲ್ಲಿ ತೆರಿಗೆ ಸೇರಿ 324.74 ಕೊಟ್ಟಿದ್ದೆವು, 165 ವಾಪಸ್ ಬಂತು. 56 ತಿಂಗಳಿಗೆ 159.74, ತಿಂಗಳಿಗೆ 2.85 ಡಾಲರ್. ಒಂದು ಕಾಫಿಗಿಂತ ಕಡಿಮೆ. ಆ ದುಡ್ಡಿನಲ್ಲಿ ಅಜ್ಜಿ ಮೊಮ್ಮಗ ಆರು ತಿಂಗಳು ಜಗಳವಾಡಿಕೊಂಡು ಚೆನ್ನೆಮಣೆ ಆಡಿದ್ದಾರೆ. ನಾನು ಮಾಡಿದ ಹೂಡಿಕೆಗಳಲ್ಲಿ ಇಷ್ಟು ಕೊಟ್ಟಿದ್ದು ಕಡಿಮೆ.

ಕೊನೆಯದು: ಹಳೇ ಫೋನ್, ಲ್ಯಾಪ್‌ಟಾಪ್, ಆಟದ ಡಬ್ಬಿ ಯಾವುದನ್ನೇ ಕೊಡುವ ಮೊದಲು ಮನೆಯವರನ್ನೆಲ್ಲ ಕೂರಿಸಿ ಒಂದು ಪ್ರಶ್ನೆ ಕೇಳಿ, "ಇದರಲ್ಲಿ ಯಾರ್ಯಾರು ಇದಾರೆ?" ಮಕ್ಕಳನ್ನು ಬಿಟ್ಟು ಕೇಳಬೇಡಿ. ನಮ್ಮ ಶೀಟಿನಲ್ಲಿ ಇಲ್ಲದ ಸಾಲು ಅವರಿಗೆ ಗೊತ್ತಿರುತ್ತದೆ.

ಮೊನ್ನೆ ಭಾನುವಾರ ಮಗ ನನ್ನನ್ನು ಮಂಕಾಲಾದಲ್ಲಿ ಮೂರು ಸಲ ಸೋಲಿಸಿದ. ನಾಲ್ಕನೇ ಸಲ ಸೋತಾಗ ನಾನು ಹೇಳಿದ್ದು ಇಷ್ಟೇ, "ಒಂದು ಸಾಲಿಗೆ ಏಳು ಗುಳಿ ಇರಬೇಕು ಕಣೋ. ಇದ್ಯಾಕೆ ಆರೇ?"

(ಎಂದಿನಂತೆ: ಇದು ನನ್ನ ಅನುಭವ, ತೆರಿಗೆ ಸಲಹೆ ಅಲ್ಲ. ನಿಮ್ಮ ಪರಿಸ್ಥಿತಿಗೆ ನಿಮ್ಮ ಸಿಪಿಎ ಅವರನ್ನು ಕೇಳಿ.)