ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್: ದೋಷಪತ್ತೆ ಮತ್ತು ದುರಸ್ತಿ

ಪೆಟ್ರೋಲ್ ಕಾರಿನ ಹೊಗೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಹಾನಿಕಾರಕ ಅನಿಲಗಳಿರುತ್ತವೆ. ಅವು ಇಂಗಾಲದ ಮಾನಾಕ್ಸೈಡ್, ಪೂರ್ಣವಾಗಿ ಉರಿಯದ ಹೈಡ್ರೋಕಾರ್ಬನ್‌ಗಳು ಹಾಗೂ ಸಾರಜನಕದ ಆಕ್ಸೈಡ್‌ಗಳು. ಇವುಗಳನ್ನು ಇಂಗಾಲದ ಡೈಆಕ್ಸೈಡ್, ನೀರಾವಿ ಹಾಗೂ ಸಾರಜನಕಗಳಾಗಿ ಮಾರ್ಪಡಿಸುವ ಸಾಧನವೇ ವೇಗವರ್ಧಕ ಪರಿವರ್ತಕ ಅಥವಾ ಕ್ಯಾಟಲಿಟಿಕ್ ಕನ್ವರ್ಟರ್.

ದೆಹಲಿ, ಮುಂಬಯಿ, ಕಲ್ಕತ್ತ ಮತ್ತು ಮದ್ರಾಸು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಈ ಸಾಧನವನ್ನು 1995ರ ಏಪ್ರಿಲ್‌ನಿಂದ ಕಡ್ಡಾಯಗೊಳಿಸಲಾಯಿತು. ಸೀಸವು ಪರಿವರ್ತಕವನ್ನು ನಿಷ್ಕ್ರಿಯಗೊಳಿಸುವುದರಿಂದ ಅದೇ ಸಮಯದಲ್ಲಿ ಈ ನಗರಗಳಿಗೆ ಸೀಸರಹಿತ ಪೆಟ್ರೋಲನ್ನೂ ಒದಗಿಸಲಾಯಿತು. 2000ನೆಯ ವರ್ಷದಲ್ಲಿ ದೇಶದಾದ್ಯಂತ ಸೀಸಯುಕ್ತ ಪೆಟ್ರೋಲಿನ ಮಾರಾಟ ನಿಂತಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಮಾನಕಗಳು ಜಾರಿಗೆ ಬಂದಿದ್ದು, ಪರಿವರ್ತಕದ ಹೊಣೆ ಮತ್ತಷ್ಟು ಹೆಚ್ಚಿದೆ.

ಕಾರ್ಯವಿಧಾನ

ಉಕ್ಕಿನ ಕವಚದೊಳಗೆ ಜೇನುಗೂಡಿನಂತೆ ಅಸಂಖ್ಯ ಸಣ್ಣ ರಂಧ್ರಗಳುಳ್ಳ ಪಿಂಗಾಣಿಯ ತಿರುಳಿರುತ್ತದೆ. ರಂಧ್ರಗಳ ಗೋಡೆಗಳಿಗೆ ಪ್ಲಾಟಿನಮ್, ಪಲ್ಲಾಡಿಯಮ್ ಮತ್ತು ರೋಡಿಯಮ್ ಲೋಹಗಳನ್ನು ಅತಿ ತೆಳುವಾಗಿ ಲೇಪಿಸಿರುತ್ತಾರೆ. ಪರಿವರ್ತಕವು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದ ನಂತರವೇ ಪರಿಣಾಮಕಾರಿಯಾಗಿ ಕೆಲಸ ಮಾಡುತ್ತದೆ. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೆರೆತಾಗ ಮೂರೂ ಅನಿಲಗಳ ಶುದ್ಧೀಕರಣ ಸಮರ್ಪಕವಾಗಿ ನಡೆಯುತ್ತದೆ. ಈ ಪ್ರಮಾಣವನ್ನು ಕಾಯ್ದುಕೊಳ್ಳಲು ನೆರವಾಗುವುದು ಹೊಗೆನಳಿಕೆಯಲ್ಲಿರುವ ಆಮ್ಲಜನಕ ಸಂವೇದಕ.

ಕೆಡಲು ಕಾರಣಗಳು

ಪರಿವರ್ತಕದಲ್ಲಿ ಚಲಿಸುವ ಭಾಗಗಳಿಲ್ಲ. ಅದು ಅಕಾಲದಲ್ಲಿ ಕೆಟ್ಟಿದ್ದರೆ ಬಹುಪಾಲು ಸಂದರ್ಭಗಳಲ್ಲಿ ಮೂಲದೋಷ ಎಂಜಿನ್ನಿನಲ್ಲಿರುತ್ತದೆ. ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಕೆಟ್ಟರೆ ಸಿಲಿಂಡರಿನಲ್ಲಿ ಹೊತ್ತಿಕೊಳ್ಳದ ಪೆಟ್ರೋಲು ಪರಿವರ್ತಕವನ್ನು ಸೇರಿ ಅಲ್ಲಿ ಉರಿಯುತ್ತದೆ. ಆಗ ಉಂಟಾಗುವ ತೀವ್ರ ಶಾಖಕ್ಕೆ ತಿರುಳು ಕರಗಿ ಹೊಗೆಯ ದಾರಿ ಮುಚ್ಚಿಹೋಗಬಹುದು. ಸವೆದ ಪಿಸ್ಟನ್ ರಿಂಗುಗಳಿಂದಾಗಿ ಎಂಜಿನ್ ಆಯಿಲ್ ಉರಿಯುತ್ತಿದ್ದರೆ ಅದರಲ್ಲಿನ ರಂಜಕ ಮತ್ತು ಸತುವಿನ ಅಂಶಗಳು ಲೇಪನದ ಮೇಲೆ ಕೂರುತ್ತವೆ. ರೇಡಿಯೇಟರಿನ ಶೀತಕ ದ್ರವ ಎಂಜಿನ್ನಿನೊಳಗೆ ಸೋರಿದರೂ ಇಂಥದೇ ಹಾನಿಯಾಗುತ್ತದೆ. ರಸ್ತೆ ಉಬ್ಬುಗಳ ಹೊಡೆತಕ್ಕೆ ತಿರುಳು ಬಿರುಕುಬಿಡುವುದೂ ಉಂಟು.

ದೋಷದ ಲಕ್ಷಣಗಳು

ಕಾರು ಏರುದಾರಿಯಲ್ಲಿ ಅಥವಾ ಹೆಚ್ಚಿನ ವೇಗದಲ್ಲಿ ಶಕ್ತಿ ಕಳೆದುಕೊಳ್ಳುವುದು, ಎಂಜಿನ್ ಚಾಲೂ ಆದ ಸ್ವಲ್ಪ ಹೊತ್ತಿಗೇ ನಿಂತುಹೋಗುವುದು ದಾರಿ ಮುಚ್ಚಿರುವುದರ ಲಕ್ಷಣಗಳು. ಕಾರಿನಡಿಯಿಂದ ಗಲಗಲ ಸದ್ದು ಬಂದರೆ ತಿರುಳು ಒಡೆದಿರಬಹುದು. ಕೊಳೆತ ಮೊಟ್ಟೆಯ ವಾಸನೆಯು ಇಂಧನ ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾಗಿರುವುದನ್ನು ಸೂಚಿಸಬಹುದು. ಚೆಕ್ ಎಂಜಿನ್ ದೀಪ ಮಿನುಗತೊಡಗಿದರೆ ಪರಿವರ್ತಕಕ್ಕೆ ಆಗಲೇ ಹಾನಿಯಾಗುತ್ತಿರಬಹುದು. ವೇಗ ತಗ್ಗಿಸಿ, ಸುರಕ್ಷಿತ ಸ್ಥಳದಲ್ಲಿ ಕಾರನ್ನು ನಿಲ್ಲಿಸುವುದು ಉಚಿತ.

ಪರೀಕ್ಷೆಯ ಕ್ರಮ

ಮೊದಲಿಗೆ ಸ್ಕ್ಯಾನರ್ ಉಪಕರಣದಿಂದ ದೋಷಸಂಕೇತಗಳನ್ನು ಓದಬೇಕು. ಪಿ 0420 ಎಂಬ ಸಂಕೇತವು ಪರಿವರ್ತಕದ ದಕ್ಷತೆ ಕುಗ್ಗಿದೆ ಎಂದಷ್ಟೇ ಹೇಳುತ್ತದೆ, ಕಾರಣವನ್ನು ತಿಳಿಸುವುದಿಲ್ಲ. ಇದರೊಡನೆ ಸಿಲಿಂಡರಿನ ದಹನದೋಷದ ಸಂಕೇತಗಳೂ ಕಂಡುಬಂದಲ್ಲಿ ಅವನ್ನು ಮೊದಲು ಸರಿಪಡಿಸತಕ್ಕದ್ದು.

ಎರಡನೆಯದಾಗಿ, ಹೊಗೆನಳಿಕೆಯ ಕೀಲುಗಳಲ್ಲಿ ಸೋರಿಕೆಯಿದೆಯೇ ಎಂದು ನೋಡಬೇಕು. ಸಣ್ಣ ಬಿರುಕಿನಿಂದ ಒಳಸೇರುವ ಗಾಳಿಯೂ ಸಂವೇದಕವನ್ನು ದಾರಿತಪ್ಪಿಸುತ್ತದೆ.

ಮೂರನೆಯದಾಗಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎರಡು ಸಂವೇದಕಗಳನ್ನು ಹೋಲಿಸಬೇಕು. ಹಲವು ಕಾರುಗಳಲ್ಲಿ ಮುಂದಿನ ಸಂವೇದಕದ ವೋಲ್ಟೇಜ್ 0.1 ಮತ್ತು 0.9ರ ನಡುವೆ ಬೇಗಬೇಗನೆ ಏರಿಳಿಯುತ್ತದೆ. ಪರಿವರ್ತಕ ಸುಸ್ಥಿತಿಯಲ್ಲಿದ್ದರೆ ಹಿಂದಿನದು ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಹಿಂದಿನದೂ ಮುಂದಿನದರಂತೆಯೇ ಏರಿಳಿಯುತ್ತಿದ್ದರೆ ಪರಿವರ್ತಕ ಸತ್ವ ಕಳೆದುಕೊಂಡಿದೆ ಎಂದು ತಿಳಿಯಬಹುದು.

ದಾರಿ ಮುಚ್ಚಿರುವ ಶಂಕೆಯಿದ್ದಲ್ಲಿ ಮುಂದಿನ ಸಂವೇದಕವನ್ನು ಬಿಚ್ಚಿ, ಅದೇ ರಂಧ್ರಕ್ಕೆ ಒತ್ತಡಮಾಪಕವನ್ನು ಜೋಡಿಸಿ ಪರೀಕ್ಷಿಸಲಾಗುತ್ತದೆ. ಒತ್ತಡವು ತಯಾರಕರ ಕೈಪಿಡಿಯಲ್ಲಿನ ಮಿತಿಯನ್ನು ಮೀರಿದ್ದರೆ ಪರಿವರ್ತಕವಾಗಲಿ, ಅದರ ಮುಂದಿರುವ ಸೈಲೆನ್ಸರಾಗಲಿ ಕಟ್ಟಿಕೊಂಡಿರುತ್ತದೆ. ಚಾಲೂ ಸ್ಥಿತಿಯಲ್ಲಿ ಪರಿವರ್ತಕವು ಅತಿಯಾಗಿ ಕಾದಿರುವುದರಿಂದ ಬಿಚ್ಚುವ ಕೆಲಸವನ್ನು ಅದು ತಣಿದ ನಂತರವೇ ಮಾಡಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಮಾಡುವುದು ಪ್ರಾಣಾಪಾಯಕರ.

ದುರಸ್ತಿ

ಸೋರುವ ಗ್ಯಾಸ್ಕೆಟ್, ಕೆಟ್ಟ ಸಂವೇದಕ ಮತ್ತು ಸ್ಪಾರ್ಕ್ ಪ್ಲಗ್‌ಗಳನ್ನು ಬದಲಾಯಿಸಿದರೆ ಎಷ್ಟೋ ವೇಳೆ ಪರಿವರ್ತಕದ ತಂಟೆಗೇ ಹೋಗಬೇಕಾಗುವುದಿಲ್ಲ. ಆದರೆ ಕರಗಿದ ಅಥವಾ ಒಡೆದ ತಿರುಳಿಗೆ ದುರಸ್ತಿಯಿಲ್ಲ; ಇಡೀ ಸಾಧನವನ್ನೇ ಬದಲಾಯಿಸಬೇಕಾಗುತ್ತದೆ. ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಶುದ್ಧಿಕಾರಕ ದ್ರವಗಳಿಂದ ಅದು ಸರಿಹೋಗದು. ಮೂಲದೋಷವನ್ನು ನಿವಾರಿಸದೆ ಹೊಸ ಪರಿವರ್ತಕವನ್ನು ಕೂಡಿಸಿದರೆ ಅದೂ ಬೇಗನೆ ಹಾಳಾಗಿ, ಮಾಲೀಕರು ದುಬಾರಿ ವೆಚ್ಚವನ್ನು ಎರಡು ಬಾರಿ ಭರಿಸಬೇಕಾಗುತ್ತದೆ.

ತಿರುಳನ್ನು ಒಡೆದು ತೆಗೆದು ಬರಿಯ ಕೊಳವೆಯನ್ನು ಜೋಡಿಸುವ ಸಲಹೆಗೆ ಎಂದೂ ಒಪ್ಪಬಾರದು. ಹಾಗೆ ಮಾಡಿದ ಕಾರು ವಿಷಾನಿಲವನ್ನು ನೇರವಾಗಿ ಬೀದಿಗೆ ಉಗುಳುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ವಾಯುಮಾಲಿನ್ಯದ ಮಾನಕಗಳನ್ನು ಉಲ್ಲಂಘಿಸುವವರಿಗೆ ಮೊದಲ ಅಪರಾಧಕ್ಕೆ 3 ತಿಂಗಳವರೆಗಿನ ಸೆರೆವಾಸ, 10,000 ರೂಪಾಯಿವರೆಗಿನ ದಂಡ ಅಥವಾ ಇವೆರಡನ್ನೂ ವಿಧಿಸಬಹುದು. ಹಳೆಯ ಪರಿವರ್ತಕದಲ್ಲಿ ಬೆಲೆಬಾಳುವ ಲೋಹಗಳಿರುವುದರಿಂದ ಅದನ್ನು ಮರಳಿ ಪಡೆಯಬೇಕು, ಇಲ್ಲವೇ ಅದರ ಮೌಲ್ಯವನ್ನು ಬಿಲ್ಲಿನಲ್ಲಿ ಕಳೆಯುವಂತೆ ಕೇಳಬೇಕು.

ಮುನ್ನೆಚ್ಚರಿಕೆ

ಎಂಜಿನ್ ತಡವರಿಸಿದೊಡನೆ ಪರೀಕ್ಷೆ ಮಾಡಿಸುವುದು, ನಿಗದಿತ ದರ್ಜೆಯ ಆಯಿಲನ್ನು ಬಳಸುವುದು, ಒಣಹುಲ್ಲಿನ ಮೇಲೆ ಬಿಸಿ ಕಾರನ್ನು ನಿಲ್ಲಿಸದಿರುವುದು ಸರಳ ಕ್ರಮಗಳು. ಮಾಲಿನ್ಯ ತಪಾಸಣೆಯ ಪ್ರಮಾಣಪತ್ರವನ್ನು ಅವಧಿಗೆ ಸರಿಯಾಗಿ ಪಡೆಯುವುದರ ಜೊತೆಗೆ ಅದರಲ್ಲಿ ನಮೂದಾದ ಅಂಕಿಗಳನ್ನು ಹಿಂದಿನ ಬಾರಿಯವುಗಳೊಡನೆ ಹೋಲಿಸಿ ನೋಡಬೇಕು. ಇಂಗಾಲದ ಮಾನಾಕ್ಸೈಡಿನ ಪ್ರಮಾಣ ಸಲದಿಂದ ಸಲಕ್ಕೆ ಏರುತ್ತಿದ್ದರೆ, ಮಿತಿಯೊಳಗಿದ್ದರೂ ಅದನ್ನು ಎಚ್ಚರಿಕೆಯೆಂದೇ ಭಾವಿಸಿ ಎಂಜಿನ್ನನ್ನು ಪರೀಕ್ಷೆಗೆ ಒಳಪಡಿಸುವುದು ಲೇಸು.