ಎರಡು ವೃತ್ತಿಯ ಪಾತ್ರಗಳಿಗೆ ಪ್ರಾಣಾಂಕಗಳನ್ನು ಎಣಿಸುವ ಕ್ರಮ

ದಾಳವೆಂದ ಕೂಡಲೆ ನಮ್ಮ ಮನೆಗಳಲ್ಲಿ ಜೂಜಿನ ಶಂಕೆಯು ಹುಟ್ಟುವುದು ಸಹಜವೇ. ಆದರೆ ನಾಲ್ಕಾರು ಮಕ್ಕಳು ಮೇಜಿನ ಸುತ್ತಲೂ ಕುಳಿತು, ಕಾಗದವನ್ನೂ ಸೀಸದ ಕಡ್ಡಿಯನ್ನೂ ಮುಂದಿಟ್ಟುಕೊಂಡು, ಸಾಹಸದ ಕಥೆಯೊಂದನ್ನು ಕೂಡಿ ಕಟ್ಟುವ ಆಟವೊಂದುಂಟು. ಅದರಲ್ಲಿ ಪಣವಿಲ್ಲ, ಸೋತವರು ಕೊಡತಕ್ಕದ್ದೂ ಗೆದ್ದವರು ಕೊಳ್ಳತಕ್ಕದ್ದೂ ಏನೂ ಇಲ್ಲ. ಲೆಕ್ಕವು ಮಾತ್ರ ಬೇಕಾದಷ್ಟುಂಟು. ಆ ಲೆಕ್ಕದಲ್ಲಿ ಗೆಳತಿಯರ ನಡುವೆ ಜಗಳಕ್ಕೆ ಕಾರಣವಾಗುವ ಒಂದು ಭಾಗವನ್ನು ಪೋಷಕರಿಗೂ, ಈಗ ತಾವೇ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ವಿವರಿಸಲು ಇಚ್ಛಿಸುತ್ತೇವೆ.

ಈ ಜಾತಿಯ ಆಟಗಳಿಗೆ ಮೂಲವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬುದನ್ನು ಅಮೇರಿಕಾ ದೇಶದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ರಚಿಸಿದರು. ಅದು ೧೯೭೪ರಲ್ಲಿ ಪ್ರಕಟವಾಯಿತು. ೧೯೭೮ರಲ್ಲಿ ಅದರ ‘ಅಡ್ವಾನ್ಸ್ಡ್’ ರೂಪದ ಆಟಗಾರರ ಕೈಪಿಡಿಯೂ, ೧೯೮೯ರಲ್ಲಿ ಎರಡನೆಯ ಆವೃತ್ತಿಯೂ ಹೊರಟವು. ಹಳೆಯ ನಿಯಮಗಳನ್ನೇ ಮೆಚ್ಚಿ ಆಡುವವರು ಇಂದಿಗೂ ಇದ್ದಾರೆ. ನಾವು ಕೆಳಗೆ ಹೇಳುವ ಕ್ರಮವು ೧೯೮೯ರ ಕೈಪಿಡಿಯದು.

ಪ್ರತಿಯೊಂದು ಪಾತ್ರಕ್ಕೂ ಹಿಟ್ ಪಾಯಿಂಟುಗಳೆಂಬ ಸಂಖ್ಯೆಯೊಂದುಂಟು. ಅದನ್ನು ನಾವು ಪ್ರಾಣಾಂಕವೆಂದು ಕರೆಯೋಣ. ಏಟು ಬಿದ್ದಂತೆ ಅದು ಕಡಿಮೆಯಾಗುತ್ತದೆ. ಸೊನ್ನೆಗೆ ಇಳಿದರೆ ಪಾತ್ರವು ಸತ್ತಿತು. ಮೊದಲನೆಯ ಮಟ್ಟದಲ್ಲಿಯೂ, ತರುವಾಯ ಏರುವ ಒಂದೊಂದು ಮಟ್ಟದಲ್ಲಿಯೂ ದಾಳವನ್ನು ಎಸೆದು ಪ್ರಾಣಾಂಕಗಳನ್ನು ಪಡೆಯಬೇಕು. ಯೋಧನಿಗೆ ೧೦ ಮುಖದ ದಾಳ, ಯಾಜಕನಿಗೆ ೮, ಕಳ್ಳನಿಗೆ ೬, ಮಾಂತ್ರಿಕನಿಗೆ ೪. ಕತ್ತಿ ಹಿಡಿದವನ ಮೈ ಗಟ್ಟಿ, ಪುಸ್ತಕ ಹಿಡಿದವನ ಮೈ ಕೋಮಲ ಎಂಬುದು ಇದರ ತಾತ್ಪರ್ಯ.

ಮನುಷ್ಯರಲ್ಲದ ಎಲ್ಫ್ ಮೊದಲಾದ ಕುಲದವರು ಏಕಕಾಲದಲ್ಲಿ ಎರಡು ಅಥವಾ ಮೂರು ವೃತ್ತಿಗಳನ್ನು ಅಭ್ಯಾಸ ಮಾಡಬಹುದು. ಹಾಗಾದರೆ ಯೋಧಳೂ ಮಾಂತ್ರಿಕಳೂ ಆದ ಒಬ್ಬ ಎಲ್ಫ್ ಕನ್ಯೆಗೆ ಯಾವ ದಾಳವನ್ನು ಎಸೆಯುವುದು? ಎರಡನ್ನೂ ಎಸೆಯಬೇಕು, ಆದರೆ ಎರಡನ್ನೂ ಪೂರ್ಣವಾಗಿ ಕೊಳ್ಳಕೂಡದು. ಪ್ರಾರಂಭದಲ್ಲಿ ದಾಳಗಳ ಮೊತ್ತವನ್ನು ವೃತ್ತಿಗಳ ಸಂಖ್ಯೆಯಿಂದ ಭಾಗಿಸಿ, ಉಳಿದ ಭಿನ್ನರಾಶಿಯನ್ನು ಬಿಟ್ಟುಬಿಡಬೇಕು. ಅನಂತರ ದೇಹದಾರ್ಢ್ಯದ ಲಾಭವನ್ನು ಕೂಡಿಸಬೇಕು. ದಾರ್ಢ್ಯವು ೧೫ ಇದ್ದರೆ ಲಾಭ ೧. ೧೬ ಇದ್ದರೆ ೨.

ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ನಮ್ಮ ಎಲ್ಫ್ ಕನ್ಯೆಯ ದಾರ್ಢ್ಯ ೧೬ ಎಂದಿಟ್ಟುಕೊಳ್ಳೋಣ. ಯೋಧದಾಳದಲ್ಲಿ ೭, ಮಾಂತ್ರಿಕದಾಳದಲ್ಲಿ ೨ ಬಿದ್ದವು. ಮೊತ್ತ ೯, ಅರ್ಧ ಮಾಡಿದರೆ ನಾಲ್ಕೂವರೆ, ಅರೆಯನ್ನು ಬಿಟ್ಟರೆ ೪. ದಾರ್ಢ್ಯದ ೨ ಸೇರಿ ಪ್ರಾಣಾಂಕ ೬.

ಮುಂದೆ ಅವಳು ಗಳಿಸುವ ಅನುಭವಾಂಕಗಳೂ ಎರಡು ವೃತ್ತಿಗಳಿಗೆ ಸಮನಾಗಿ ಹಂಚಿಹೋಗುತ್ತವೆ. ಎರಡನೆಯ ಮಟ್ಟಕ್ಕೆ ಏರಲು ಯೋಧನಿಗೆ ೨,೦೦೦ ಬೇಕು, ಮಾಂತ್ರಿಕನಿಗೆ ೨,೫೦೦. ಆದಕಾರಣ ಒಟ್ಟು ೪,೦೦೦ ಗಳಿಸಿದಾಗ ಅವಳು ಯೋಧವೃತ್ತಿಯಲ್ಲಿ ಮಾತ್ರ ಏರುವಳು. ಆಗ ಯೋಧದಾಳವನ್ನು ಮಾತ್ರ ಎಸೆದು, ಬಿದ್ದದ್ದನ್ನು ಎರಡರಿಂದ ಭಾಗಿಸಬೇಕು. ೯ ಬಿದ್ದರೆ ೪, ದಾರ್ಢ್ಯದ ಲಾಭದಲ್ಲಿಯೂ ಅರ್ಧ, ಅಂದರೆ ೧, ಒಟ್ಟು ೫. ಪ್ರಾಣಾಂಕ ೧೧ ಆಯಿತು. ಗಳಿಕೆಯು ೫,೦೦೦ ಮುಟ್ಟಿದಾಗ ಮಾಂತ್ರಿಕವೃತ್ತಿಯಲ್ಲಿ ಏರುವಳು. ದಾಳದಲ್ಲಿ ೧ ಬಿತ್ತೆನ್ನೋಣ. ಅದರ ಅರ್ಧದಲ್ಲಿ ಭಿನ್ನವನ್ನು ಬಿಟ್ಟರೆ ಸೊನ್ನೆ. ಆದರೆ ದಾಳದ ಫಲವು ಒಂದಕ್ಕಿಂತ ಕಡಿಮೆಯಾಗಕೂಡದೆಂದು ನಿಯಮವುಂಟು. ಹಾಗಾಗಿ ೧, ದಾರ್ಢ್ಯದ ೧. ಈಗ ಪ್ರಾಣಾಂಕ ೧೩. ಮೂರು ವೃತ್ತಿಗಳಿದ್ದರೆ ಎಲ್ಲವನ್ನೂ ಮೂರರಿಂದ ಭಾಗಿಸಬೇಕು.

ಜಗಳಗಳು ಸಾಮಾನ್ಯವಾಗಿ ಮೂರು ಕಡೆ ಏಳುತ್ತವೆ. ಮೊದಲನೆಯದು, ದಾಳಗಳನ್ನು ಭಾಗಿಸದೆ ಕೂಡಿಸುವುದು. ಮಾಂತ್ರಿಕಳ ವಿದ್ಯೆಯೂ ಇದ್ದು, ಯೋಧನಿಗಿಂತ ಹೆಚ್ಚಿನ ಪ್ರಾಣವೂ ಇರುವುದಾದರೆ, ಒಂದೇ ವೃತ್ತಿಯನ್ನು ಹಿಡಿದ ಗೆಳತಿಗೆ ಅನ್ಯಾಯವಾಗುವುದು. ೨೦೦೦ದ ಮೂರನೆಯ ಆವೃತ್ತಿಯಲ್ಲಿ ದಾಳಗಳನ್ನು ಭಾಗಿಸುವುದಿಲ್ಲವೆಂಬುದು ನಿಜ. ಆದರೆ ಅಲ್ಲಿ ಒಮ್ಮೆಗೆ ಒಂದು ವೃತ್ತಿಯ ಮಟ್ಟವನ್ನು ಮಾತ್ರ ಏರುತ್ತಾರೆ. ಆ ಪದ್ಧತಿಯೇ ಬೇರೆ; ಎರಡನ್ನೂ ಬೆರಸಬಾರದು.

ಎರಡನೆಯದು, ದಾರ್ಢ್ಯದ ಲಾಭವನ್ನು ಎರಡು ವೃತ್ತಿಗಳಲ್ಲಿಯೂ ಪೂರ್ಣವಾಗಿ ಕೊಳ್ಳುವುದು. ಶರೀರವು ಒಂದೇ ಆಗಿರುವಾಗ ಅದರ ಗಟ್ಟಿತನವನ್ನು ಎರಡು ಸಲ ಎಣಿಸುವುದು ಹೇಗೆ?

ಮೂರನೆಯದು ಭಿನ್ನರಾಶಿಯದು. ಅರ್ಧಗಳನ್ನು ಬರೆದಿಟ್ಟುಕೊಂಡು, ಎರಡು ಕೂಡಿದಾಗ ಒಂದೆಂದು ಎಣಿಸುವವರುಂಟು. ಇದರಿಂದ ಆಗುವ ಭೇದವೆಷ್ಟು? ೪ ಮುಖದ ದಾಳದಲ್ಲಿ ನಿಯಮದಂತೆ ೧, ೧, ೧, ೨ ದೊರಕುತ್ತವೆ. ಭಿನ್ನ ಬಿಡದೆ ಎಣಿಸಿದರೆ ಅರೆ, ಒಂದು, ಒಂದೂವರೆ, ಎರಡು. ಎರಡು ವಿಧದಲ್ಲಿಯೂ ಮೊತ್ತ ಐದೇ! ಬಿಟ್ಟ ಅರೆಯನ್ನು ಕನಿಷ್ಠ ಒಂದರ ನಿಯಮವು ತುಂಬಿಕೊಡುತ್ತದೆ. ೧೦ ಮುಖದ ದಾಳದಲ್ಲಿಯಾದರೋ ನಿಯಮದಂತೆ ಹತ್ತು ಮುಖಗಳ ಮೊತ್ತ ೨೬. ಭಿನ್ನ ಸೇರಿದರೆ ಇಪ್ಪತ್ತೇಳೂವರೆ. ಒಂದು ಎಸೆತಕ್ಕೆ ನಷ್ಟವು ಸರಾಸರಿ ಒಂದರಲ್ಲಿ ಏಳನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಇಷ್ಟರ ಸಲುವಾಗಿ ಸ್ನೇಹವನ್ನು ಮುರಿಯಬೇಕಾದದ್ದಿಲ್ಲ.

ಆದರೂ ಮಗುವಿನ ಕಣ್ಣೀರನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಉದ್ದ ಕತ್ತಿಯ ಏಟು ೧ರಿಂದ ೮ರ ವರೆಗೆ ಬೀಳುವುದು. ೬ ಪ್ರಾಣಾಂಕದವಳಿಗೆ ೬ ಬಿದ್ದರೆ ಮರಣ. ಬಿಟ್ಟ ಆ ಅರೆಯನ್ನು ಮೇಲಕ್ಕೆ ಎಣಿಸಿದ್ದರೆ ೭ ಆಗಿ ಬದುಕುತ್ತಿದ್ದಳು. ವಾರಗಟ್ಟಲೆ ಪ್ರೀತಿಯಿಂದ ಬೆಳೆಸಿದ ಪಾತ್ರವು ಸಾಯುವ ಗಳಿಗೆಯಲ್ಲಿ ನಿಯಮವನ್ನು ಹುಡುಕತೊಡಗಿದರೆ, ಹೇಗೆ ತೀರ್ಪು ಮಾಡಿದರೂ ಅದು ಪಕ್ಷಪಾತದಂತೆ ಕಾಣುವುದು. ಉತ್ತರಪತ್ರಿಕೆಯ ಅರ್ಧ ಗುಣಗಳನ್ನು ಏನು ಮಾಡಬೇಕೆಂಬುದನ್ನು ಪರೀಕ್ಷೆಗೆ ಮುಂಚೆಯೇ ಗೊತ್ತುಮಾಡುವಂತೆ, ಆಟದ ಯಜಮಾನನು ಮೊದಲನೆಯ ದಾಳಕ್ಕೆ ಮುಂಚೆಯೇ ಕ್ರಮವನ್ನು ಬರೆದು ಎಲ್ಲರಿಗೂ ಓದಿ ಹೇಳತಕ್ಕದ್ದು.

ಕಡೆಯದಾಗಿ ಒಂದು ಹೋಲಿಕೆ. ದಾರ್ಢ್ಯದ ಲಾಭವನ್ನು ಬಿಟ್ಟು ನೋಡಿದರೆ, ೮,೦೦೦ ಅನುಭವಾಂಕ ಗಳಿಸಿದ ಕೇವಲ ಯೋಧನು ನಾಲ್ಕನೆಯ ಮಟ್ಟದಲ್ಲಿ ಸರಾಸರಿ ೨೨ ಪ್ರಾಣಾಂಕ ಉಳ್ಳವನು. ಅಷ್ಟನ್ನೇ ಗಳಿಸಿದ ನಮ್ಮ ಎಲ್ಫ್ ಕನ್ಯೆಯು ಯೋಧವೃತ್ತಿಯಲ್ಲಿ ಮೂರನೆಯ, ಮಾಂತ್ರಿಕವೃತ್ತಿಯಲ್ಲಿ ಎರಡನೆಯ ಮಟ್ಟದಲ್ಲಿರುವಳು. ಭಿನ್ನಗಳನ್ನು ಬಿಡದೆ ಎಣಿಸಿದರೂ ಅವಳ ಸರಾಸರಿ ಹತ್ತೂಮುಕ್ಕಾಲು ಮಾತ್ರ. ಅವಳು ಮೋಸಹೋದಳೇ? ಇಲ್ಲ. ಯುದ್ಧದಲ್ಲಿ ಎರಡು ವೃತ್ತಿಗಳೊಳಗೆ ಉತ್ತಮವಾದ ಬಲವನ್ನೇ ಅವಳು ಬಳಸುವಳು, ಮಂತ್ರವಿದ್ಯೆಯೂ ಅವಳಿಗುಂಟು. ಕೊಟ್ಟ ಬೆಲೆಯು ಪ್ರಾಣಾಂಕದಲ್ಲಿ ಕಾಣುತ್ತದೆ, ಪಡೆದ ಲಾಭವು ಬೇರೆ ಕಡೆ ಕಾಣುತ್ತದೆ.

ಮಗಳ ಗುಣಪಟ್ಟಿಯಲ್ಲಿ ಒಂದೇ ಅಂಕಣವನ್ನು ನೋಡಿ ನಿಟ್ಟುಸಿರು ಬಿಡುವ ಪೋಷಕರು ಇದನ್ನು ಆಲೋಚಿಸುವರೆಂದು ನಂಬುತ್ತೇವೆ. ಸುವಾರ್ತೆಯ ಸಾಮ್ಯದಲ್ಲಿ ಎರಡು ತಲಾಂತುಗಳನ್ನು ದುಡಿಸಿದವನಿಗೂ ಐದನ್ನು ದುಡಿಸಿದವನಿಗೂ ಯಜಮಾನನು ಹೇಳಿದ ಮೆಚ್ಚುಗೆಯ ಮಾತು ಒಂದೇ ಆಗಿತ್ತಲ್ಲವೇ?