ಚಾಟಿಬಾಲದ ಹಲ್ಲಿ

ಹಲ್ಲಿಯೆಂದೊಡನೆ ನಮಗೆ ನೆನಪಾಗುವುದು ಪಂಚಾಂಗ. ತಲೆಯ ಮೇಲೆ ಬಿದ್ದರೆ ಇಂಥ ಫಲ, ಭುಜದ ಮೇಲೆ ಬಿದ್ದರೆ ಅಂಥ ಫಲ. ಪಂಚಾಂಗವಲ್ಲದೆ ಬೇರೆ ಪುಸ್ತಕವಿಲ್ಲದ ಮನೆಯಿಂದ ಬಂದ ನಾನು ಇತಿಹಾಸದ ವಿದ್ಯಾರ್ಥಿ. ಆದರೂ ಈ ಕುಲದಲ್ಲಿ ಫಲಾಫಲಗಳಿಗಿಂತ ಸೋಜಿಗದ ಸಂಗತಿಗಳಿರುವುದನ್ನು ಓದಿ ತಿಳಿದು, ಅದನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಚಾಟಿಬಾಲದ ಹಲ್ಲಿಗಳು ಅಮೆರಿಕ ಖಂಡಗಳವು, ನಮ್ಮಲ್ಲಿಲ್ಲ. ಅವುಗಳಲ್ಲಿ ‘ಕಿರುಪಟ್ಟೆ’ಯದೆಂಬ ಚಿಕ್ಕ ಜಾತಿಯೊಂದು ಸಂಯುಕ್ತ ಸಂಸ್ಥಾನದ ನೈಋತ್ಯದಲ್ಲಿಯೂ ಉತ್ತರ ಮೆಕ್ಸಿಕೋದಲ್ಲಿಯೂ ಹುಲ್ಲುಗಾವಲುಗಳಲ್ಲಿ ವಾಸಿಸುತ್ತದೆ. ಬಾಲ ಬಿಟ್ಟರೆ ಮೈ ಎರಡು ಮೂರು ಅಂಗುಲ. ಬಾಲವೋ ಮೈಗಿಂತ ಬಹಳ ಉದ್ದ, ನೀಲಿ ಛಾಯೆಯದು. ಬೆನ್ನುದ್ದಕ್ಕೂ ತೆಳುಬಣ್ಣದ ಆರೆಂಟು ಗೆರೆಗಳು. ನಮ್ಮ ಬೇಲಿಯ ಓತಿಕ್ಯಾತ ಒಂದೆಡೆ ಕುಳಿತು ಹುಳುವಿಗಾಗಿ ಕಾಯುತ್ತದೆ. ಇದಕ್ಕೆ ಅಂಥ ತಾಳ್ಮೆಯಿಲ್ಲ. ಬಿಸಿಲೇರಿದಾಗ ಹೊರಬಂದು, ತಲೆಯನ್ನು ಅತ್ತಿತ್ತ ಆಡಿಸುತ್ತ, ನಾಲಗೆ ಚಾಚುತ್ತ, ಮಣ್ಣು ಕೆದಕಿ ಗೆದ್ದಲು ಹುಡುಕುತ್ತದೆ. ಶತ್ರುವಿನ ಬಾಯಿಗೆ ಸಿಕ್ಕರೆ ಬಾಲ ಬಿಟ್ಟು ಓಡುತ್ತದೆ.

ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ಸುಣ್ಣ ಚೆಲ್ಲಿದಂತಹ ಜಿಪ್ಸಮ್ ಮರಳಿನ ದಿಬ್ಬಗಳಿವೆ. ಅವುಗಳ ವಯಸ್ಸು ಹತ್ತು ಸಾವಿರ ವರ್ಷದ ಆಸುಪಾಸು. ಸುತ್ತಲಿನ ಕಂದುನೆಲದಲ್ಲಿ ಈ ಹಲ್ಲಿ ಕಂದಾಗಿದ್ದರೆ, ಇಲ್ಲಿ ಬಿಳಿಚಿಕೊಂಡಿದೆ. ಬೆಳ್ಳನೆಯ ನೆಲದಲ್ಲಿ ಕಂದುಮೈ ಹೊತ್ತು ಓಡಾಡುವುದೆಂದರೆ ಹಕ್ಕಿಗಳನ್ನು ಊಟಕ್ಕೆ ಕರೆದಂತೆಯೇ ಸರಿ. 2010ರಲ್ಲಿ ಎರಿಕಾ ರೋಸೆನ್‌ಬ್ಲಮ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆ ಇದರ ಒಳಗುಟ್ಟನ್ನು ತಿಳಿಸುತ್ತದೆ. ಮೈಯ ಕಪ್ಪುಬಣ್ಣಕ್ಕೆ ಸಂಬಂಧಿಸಿದ ಒಂದು ಜೀನಿನಲ್ಲಿ ವ್ಯತ್ಯಾಸವಾಗಿದೆ. ಅಲ್ಲಿಯೇ ಇರುವ ಬೇಲಿಹಲ್ಲಿಯೆಂಬ ಬೇರೊಂದು ಜಾತಿಯೂ ಬಿಳಿಯಾಗಿರುವುದು ಅದೇ ಜೀನಿನ ಇನ್ನೊಂದು ವ್ಯತ್ಯಾಸದಿಂದ. ಬೇಲಿಹಲ್ಲಿಗೆ ಆ ಗುಣ ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕು. ಚಾಟಿಬಾಲಕ್ಕೆ ಇಬ್ಬರಿಂದಲೂ ಬರಬೇಕು. ಮುಟ್ಟಿದ ಊರು ಒಂದೇ, ಹಿಡಿದ ದಾರಿ ಬೇರೆ.

ಇದರ ಸಂಸಾರದ ಕಥೆ ಇನ್ನೂ ವಿಚಿತ್ರ. ಈ ಜಾತಿಯ ಗಂಡೂ ಬೇರೊಂದು ಚಾಟಿಬಾಲದ ಹೆಣ್ಣೂ ಕೂಡಿದ್ದರಿಂದ ಹಿಂದೆಂದೋ ಹೊಸ ಜಾತಿಯೊಂದು ಹುಟ್ಟಿತು. ಅದರಲ್ಲಿ ಎಲ್ಲವೂ ಹೆಣ್ಣೇ! ಗಂಡಿನ ಸಹಾಯವಿಲ್ಲದೆ ತಾಯಿ ಮೊಟ್ಟೆಯಿಡುತ್ತಾಳೆ. ಹೊರಬರುವವರೆಲ್ಲ ತಾಯಿಯ ಪಡಿಯಚ್ಚಿನ ಹೆಣ್ಣುಮಕ್ಕಳು. ಮಗಳು ಹುಟ್ಟಿದಳೆಂದು ಮುಖ ಸಿಂಡರಿಸುವ ನಮ್ಮ ಹಿರಿಯರಿಗೆ ಇದನ್ನು ಹೇಳಿದರೆ ನಂಬುವರೋ ಇಲ್ಲವೋ! ನ್ಯೂ ಮೆಕ್ಸಿಕೋ ಮಾತ್ರ 2003ರಲ್ಲಿ ಈ ಹೆಣ್ಣುಕುಲವನ್ನೇ ತನ್ನ ರಾಜ್ಯದ ಸರೀಸೃಪವೆಂದು ಸಾರಿತು.